ಶಾಲೆ ನೋಡಿ ಮನೆ ಹಿಡಿಯಿರಿ

ಅಕ್ಕ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಜುಲೈನಲ್ಲಿ ಟೆಕ್ಸಸ್ ರಾಜ್ಯದ ಡಾಲಸ್‌ಗೆ ಬರುತ್ತಿದ್ದೀರಿ. ಗಂಡನಿಗೆ ಎಚ್1ಬಿ ಅನ್ನುವ ಕೆಲಸದ ವೀಸಾ, ನಿಮಗೂ ಮಗಳಿಗೂ ಅಂಥವರ ಕುಟುಂಬಕ್ಕೆ ಕೊಡುವ ಎಚ್4, ಮಗಳಿಗೆ ಎಂಟು ವರ್ಷ. ಅಮೆರಿಕದ ಶಾಲೆಗಳು ಕೆಟ್ಟು ಹೋಗಿವೆಯಂತೆ, ಗಣಿತ ಏನೂ ಕಲಿಸುವುದಿಲ್ಲವಂತೆ, ಮೇಲೆ ಬಂದೂಕಿನ ಭಯ ಬೇರೆ, ನಾನು ಹೇಗೂ ಕೆಲಸಕ್ಕೆ ಹೋಗುವ ಹಾಗಿಲ್ಲ, ಮನೆಯಲ್ಲೇ ಕೂರಿಸಿಕೊಂಡು ಪಾಠ ಹೇಳಿಬಿಡಲಾ ಅಂತ ನಿಮ್ಮ ಪ್ರಶ್ನೆ. ಮೊದಲ ವರ್ಷವಂತೂ ಬೇಡ.

ನಾನು ಬಂದು ಹದಿನೆಂಟು ವರ್ಷವಾಯಿತು. ಮಗಳು ಕಾಲೇಜಿನಲ್ಲಿದ್ದಾಳೆ, ಮಗ ಈ ವರ್ಷ ಹೈಸ್ಕೂಲಿಗೆ ಹೋಗುತ್ತಾನೆ. ಅವನನ್ನು 2020ರಲ್ಲಿ ಒಂದು ವರ್ಷ ನಾನೇ ಮನೆಯಲ್ಲಿ ಓದಿಸಿದ್ದೇನೆ. ಅದರ ಕಥೆ ಆಮೇಲೆ.

ಮೊದಲು ಒಂದು ವಿಷಯ. ಅಮೆರಿಕದ ಶಾಲೆ ಅಂತ ಒಂದು ಇಲ್ಲವೇ ಇಲ್ಲ. ಇಲ್ಲಿನ ಸಂವಿಧಾನದಲ್ಲಿ ಶಿಕ್ಷಣ ಅನ್ನುವ ಮಾತೇ ಬರುವುದಿಲ್ಲ, ಅದು ರಾಜ್ಯಗಳ ಕೆಲಸ, ರಾಜ್ಯಗಳು ಅದನ್ನು ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ, ಅಂದರೆ ಒಂದೊಂದು ಏರಿಯಾದ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳಿಗೆ, ಬಿಟ್ಟಿವೆ. ಟೆಕ್ಸಸ್ ಒಂದರಲ್ಲೇ ಸಾವಿರಕ್ಕೂ ಮೇಲೆ ಇವೆ, ಇಲ್ಲಿ ಐಎಸ್‌ಡಿ (ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್) ಅನ್ನುತ್ತಾರೆ. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಜನರೇ ಆರಿಸಿದ ಬೋರ್ಡು, ಅದರದ್ದೇ ತೆರಿಗೆ. ದುಡ್ಡಿನ ದೊಡ್ಡ ಪಾಲು ಆ ಏರಿಯಾದ ಮನೆ ತೆರಿಗೆಯಿಂದ ಬರುತ್ತದೆ. ಮನೆ ದುಬಾರಿ ಇದ್ದ ಕಡೆ ಶಾಲೆಗೂ ದುಡ್ಡು ಜಾಸ್ತಿ. ಇದು ಅನ್ಯಾಯ ಅಂತ ಸ್ಯಾನ್ ಆಂಟೋನಿಯೊದ ಬಡ ಬಡಾವಣೆಯೊಂದರ ತಂದೆ ತಾಯಂದಿರು ಸುಪ್ರೀಂ ಕೋರ್ಟಿನ ತನಕ ಹೋದರು. 1973ರಲ್ಲಿ 5-4ರಲ್ಲಿ ಸೋತರು. ಆಮೇಲೆ 1993ರಲ್ಲಿ ಟೆಕ್ಸಸ್ ಸರ್ಕಾರವೇ ಶ್ರೀಮಂತ ಡಿಸ್ಟ್ರಿಕ್ಟ್‌ಗಳಿಂದ ಸ್ವಲ್ಪ ಕಿತ್ತು ಬಡವರಿಗೆ ಕೊಡುವ ಕಾನೂನು ಮಾಡಿತು. ಅಂತರ ಕಡಿಮೆಯಾಯಿತು, ಹೋಗಲಿಲ್ಲ.

ನಿಮಗೆ ಇದರಿಂದ ಏನು ಅಂದರೆ, ನಿಮ್ಮ ಮಗಳ ಶಾಲೆಯನ್ನು ಆರಿಸುವುದು ನೀವು ಸಹಿ ಹಾಕುವ ಬಾಡಿಗೆ ಕರಾರು. ಡಾಲಸ್ ಪಕ್ಕದ ಇರ್ವಿಂಗ್ ಉದಾಹರಣೆ ತಗೊಳ್ಳಿ, ಹೊಸದಾಗಿ ಬಂದ ನಮ್ಮವರು ಅಲ್ಲೇ ಜಾಸ್ತಿ ಇಳಿಯುವುದು. ಊರು ಒಂದೇ, ಆದರೆ ಕೆಲವು ಅಪಾರ್ಟ್‌ಮೆಂಟು ಇರ್ವಿಂಗ್ ಐಎಸ್‌ಡಿಗೆ ಬರುತ್ತವೆ, ವ್ಯಾಲಿ ರಾಂಚ್ ಕಡೆಯ ಕೆಲವು ಕೊಪ್ಪೆಲ್ ಐಎಸ್‌ಡಿಗೆ, ಇನ್ನು ಕೆಲವು ಕ್ಯಾರಲ್ಟನ್-ಫಾರ್ಮರ್ಸ್ ಬ್ರಾಂಚ್‌ಗೆ. ಲೀಸಿಂಗ್ ಆಫೀಸಿನವರು ನಗುನಗುತ್ತಾ ಎಲ್ಲದಕ್ಕೂ ಹೂಂ ಅನ್ನುತ್ತಾರೆ, ನಂಬಬೇಡಿ. ಡಿಸ್ಟ್ರಿಕ್ಟ್‌ನ ವೆಬ್‌ಸೈಟಿಗೆ ಹೋಗಿ ಆ ಮನೆಯ ನಂಬರು ಹಾಕಿ ಯಾವ ಶಾಲೆ ಅಂತ ನೋಡಿ. ಆಮೇಲೆ ಆ ಶಾಲೆಗೇ ಫೋನ್ ಮಾಡಿ ಮೂರನೇ ಗ್ರೇಡಿನಲ್ಲಿ ಜಾಗ ಇದೆಯಾ ಕೇಳಿ. ಟೆಕ್ಸಸ್‌ನಲ್ಲಿ ನಾಲ್ಕನೇ ಗ್ರೇಡಿನ ತನಕ ಒಂದು ತರಗತಿಗೆ 22 ಮಕ್ಕಳು ಅನ್ನುವ ಮಿತಿ ಇದೆ. ತುಂಬಿದ್ದರೆ ಎದುರುಗಡೆ ಶಾಲೆ ಇಟ್ಟುಕೊಂಡೂ ಮಗು ಬಸ್ಸು ಹತ್ತಿ ಇನ್ನೆಲ್ಲಿಗೋ ಹೋಗಬೇಕಾಗಬಹುದು. ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಹತ್ತು ಅಂತ ಬರುವ ರೇಟಿಂಗ್ ನೋಡಿ, ತಪ್ಪಲ್ಲ, ಆದರೆ ಅದು ಬಹುಪಾಲು ಹೇಳುವುದು ಅಲ್ಲಿನ ಅಪ್ಪ ಅಮ್ಮಂದಿರ ಸಂಬಳವನ್ನು.

ಗಣಿತದ ದೂರು ಸುಳ್ಳಲ್ಲ. ನಿಮ್ಮ ಮಗಳು ಮಗ್ಗಿ ಬಾಯಿಪಾಠ ಮಾಡಿರುತ್ತಾಳೆ, ಇಲ್ಲಿ ಮೂರನೇ ಗ್ರೇಡಿನಲ್ಲಿ ಏಳೆಂಟಲ ಎಷ್ಟು ಅಂತ ಚೌಕ ಬರೆದು ಎಣಿಸುತ್ತಾರೆ. ಮೊದಲ ಆರು ತಿಂಗಳು ಅವಳಿಗೆ ಬೇಸರ ಬರುತ್ತದೆ, ನಿಮಗೆ ಬಿಪಿ ಬರುತ್ತದೆ. ಹದಿನೈದು ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ಒಟ್ಟಿಗೆ ನಡೆಸುವ ಪಿಸಾ ಪರೀಕ್ಷೆಯಲ್ಲಿ 2022ರಲ್ಲಿ ಅಮೆರಿಕಕ್ಕೆ ಗಣಿತದಲ್ಲಿ 465 ಬಂತು, ಮುಂದುವರಿದ ದೇಶಗಳ ಸರಾಸರಿ 472. ಓದಿನಲ್ಲಿ ಮಾತ್ರ 504, ಸರಾಸರಿಗಿಂತ ಎಷ್ಟೋ ಮೇಲೆ. (ನಮ್ಮ ದೇಶ ಆ ಪರೀಕ್ಷೆಗೆ ಕೂರಲೇ ಇಲ್ಲ, ಅದನ್ನು ನಮ್ಮ ಅಂಕಲ್‌ಗಳು ಯಾರೂ ಹೇಳುವುದಿಲ್ಲ.) ನಿಮ್ಮ ಮಗಳಿಗೆ ಕಷ್ಟವಾಗುವುದು ಲೆಕ್ಕ ಅಲ್ಲ. ಒಂದು ಕಥೆ ಓದಿ ನಿನಗೆ ಏನನ್ನಿಸಿತು, ಯಾಕೆ, ಒಂದು ಪುಟ ಬರಿ ಅಂದಾಗ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾಳೆ. ನನ್ನ ಮಗಳೂ ಕೂತಿದ್ದಳು. ಲೆಕ್ಕಕ್ಕೆ ಸಂಜೆ ಅರ್ಧ ಗಂಟೆ ನೀವೇ ಕೂತರೆ ಸಾಕು. ಬಂದ ವಾರವೇ ಭಯಬಿದ್ದು ಕುಮೊನ್ ಅನ್ನುವ ಟ್ಯೂಷನ್‌ಗೆ ಸೇರಿಸಬೇಡಿ.

ಇನ್ನು ಬಂದೂಕು. ಇಲ್ಲಿ ನಿಮಗೆ ಸಮಾಧಾನ ಹೇಳಲು ನನ್ನ ಹತ್ತಿರ ಏನೂ ಇಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ರಾಜ್ಯದ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಪೊಲೀಸರು ಹೊರಗೆ ಕಾರಿಡಾರಿನಲ್ಲಿ ಒಂದು ಗಂಟೆಗೂ ಜಾಸ್ತಿ ನಿಂತಿದ್ದರು. ಮಾರನೆಯ ದಿನ ಮಗನನ್ನು ಶಾಲೆ ಬಾಗಿಲಲ್ಲಿ ಇಳಿಸಿ ಪಾರ್ಕಿಂಗ್‌ನಲ್ಲೇ ಕಾರಿನೊಳಗೆ ಎಷ್ಟೋ ಹೊತ್ತು ಕೂತಿದ್ದೆ, ಸುತ್ತ ಇನ್ನೂ ನಾಲ್ಕೈದು ಕಾರುಗಳಲ್ಲಿ ಹಾಗೇ ಕೂತಿದ್ದರು. 2023ರಲ್ಲಿ ಪ್ರತಿ ಶಾಲೆಗೂ ಬಂದೂಕು ಹಿಡಿದ ಕಾವಲು ಬೇಕು ಅಂತ ರಾಜ್ಯ ಕಾನೂನು ತಂದಿತು. ಮಕ್ಕಳಿಗೆ ದೀಪ ಆರಿಸಿ ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಡ್ರಿಲ್ ಮಾಡಿಸುತ್ತಾರೆ. ನಿಮ್ಮ ಮಗಳು ಒಂದು ದಿನ ಬಂದು ಅದನ್ನು ಆಟದ ಹಾಗೆ ಹೇಳುತ್ತಾಳೆ. ಆ ದಿನಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಈ ಒಂದು ಕಾರಣಕ್ಕೇ ಯಾರಾದರೂ ಮನೆಯಲ್ಲಿ ಓದಿಸುತ್ತೇನೆ ಅಂದರೆ ನಾನು ವಾದ ಮಾಡಲಾರೆ. ಆದರೂ ನಾನು ಕಳಿಸಿದೆ.

ಹೋಮ್‌ಸ್ಕೂಲಿಂಗ್ ಕಾನೂನಿಗೆ ಬಂದರೆ ಟೆಕ್ಸಸ್‌ನಷ್ಟು ಸುಲಭ ಎಲ್ಲೂ ಇಲ್ಲ ಅನ್ನಬಹುದು. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಮನೆಶಾಲೆಯೂ ಒಂದು ಖಾಸಗಿ ಶಾಲೆಯೇ ಅಂತ ತೀರ್ಪು ಕೊಟ್ಟಿತು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕತನ, ಈ ಐದು ಕಲಿಸಿದರೆ ಆಯಿತು. ಪರೀಕ್ಷೆ ಇಲ್ಲ, ಯಾರೂ ಬಂದು ನೋಡುವುದಿಲ್ಲ. ನ್ಯೂಯಾರ್ಕ್‌ನಲ್ಲಾದರೆ ವರ್ಷದ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಬರೆಯಬೇಕು.

ನನ್ನ ವರ್ಷ ಹೇಗಿತ್ತು ಅಂದರೆ, ಕೋವಿಡ್ ಬಂದು ಶಾಲೆ ಕಂಪ್ಯೂಟರಿನೊಳಗೆ ಹೋಯಿತು, ಮಗ ಕ್ಯಾಮೆರಾ ಆಫ್ ಮಾಡಿ ಲೆಗೊ ಜೋಡಿಸುತ್ತಿದ್ದ, ಇದಕ್ಕಿಂತ ನಾನೇ ಮೇಲು ಅಂತ ಹೆಸರು ತೆಗೆಸಿದೆ. ಆ ವರ್ಷ ದೇಶದಲ್ಲೆಲ್ಲ ಹಾಗೇ ಆಯಿತು, ಸೆನ್ಸಸ್ ಲೆಕ್ಕದಲ್ಲಿ ಮನೆಯಲ್ಲಿ ಓದಿಸುವ ಕುಟುಂಬಗಳು ಆರು ತಿಂಗಳಲ್ಲಿ ನೂರಕ್ಕೆ ಐದರಿಂದ ಹನ್ನೊಂದಕ್ಕೆ ಏರಿದವು. ಓದಿನ ಮಟ್ಟಿಗೆ ಚೆನ್ನಾಗಿಯೇ ಆಯಿತು. ಎರಡು ವರ್ಷದ ಗಣಿತ ಒಂದೇ ವರ್ಷದಲ್ಲಿ ಮುಗಿಯಿತು. ಕಾಗುಣಿತ ಪೂರ್ತಿ ಕಲಿತ, ಈಗಲೂ ಅಜ್ಜಿಗೆ ಕನ್ನಡದಲ್ಲೇ ಮೆಸೇಜ್ ಹಾಕುತ್ತಾನೆ, ತಪ್ಪು ತಪ್ಪಾಗಿ. ಆದರೆ ನಾನು ಟೀಚರೂ ಹೌದು, ಅಮ್ಮನೂ ಹೌದು, ಕುಕ್ಕರ್ ಮೂರನೇ ಕೂಗಿಗೆ ಭಿನ್ನರಾಶಿ ಬಿಟ್ಟು ಓಡುವವಳೂ ಹೌದು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಕೂಗಾಡುತ್ತಿದ್ದೆವು. ಸರಿಯಾಗಿ ನೋಡದೆ ತರಿಸಿದ ಒಂದು ವಿಜ್ಞಾನದ ಪುಸ್ತಕದಲ್ಲಿ ಭೂಮಿಗೆ ಆರು ಸಾವಿರ ವರ್ಷ ಅಂತ ಇತ್ತು. ಇಲ್ಲಿನ ಹೋಮ್‌ಸ್ಕೂಲ್ ಸಾಮಗ್ರಿ ಬಹಳಷ್ಟು ಕ್ರೈಸ್ತ ಪ್ರಕಾಶಕರದ್ದು, ನೋಡಿ ಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟ ಅಂದರೆ ಅವನಿಗೆ ನಾನೊಬ್ಬಳೇ, ನನಗೆ ಅವನೊಬ್ಬನೇ. ನನಗೆ ಆಗಲೇ ಊರೆಲ್ಲ ಪರಿಚಯ ಇತ್ತು, ಹಾಗಿದ್ದೂ ಹೀಗೆ. ನೀವು ಕಾರು ಓಡಿಸುವುದನ್ನೂ ಇನ್ನೂ ಕಲಿತಿಲ್ಲ. ಮಗಳ ಶಾಲೆ ಅಂದರೆ ನಿಮಗೂ ಬಸ್ ಸ್ಟಾಪಿನಲ್ಲಿ ನಾಲ್ಕು ಜನ ಸಿಗುವ ಜಾಗ.

ಯಾರೂ ಹೇಳದ ಎರಡು ಮಾತು. ನಿಮ್ಮ ಮಗುವಿಗೆ ಪಾಠ ಹೇಳುವುದು ಕೆಲಸ ಅಲ್ಲ, ವೀಸಾಗೆ ತೊಂದರೆ ಇಲ್ಲ. ಆದರೆ ಪಕ್ಕದ ಮನೆಯ ಎರಡು ಮಕ್ಕಳನ್ನೂ ಕೂರಿಸಿಕೊಂಡು ಫೀಸ್ ತಗೊಂಡರೆ ಅದು ಕೆಲಸ, ಕೆಲಸದ ಪರವಾನಗಿ ಇಲ್ಲದ ಎಚ್4ನಲ್ಲಿ ಮಾಡುವಂತಿಲ್ಲ. ಎರಡನೆಯದು, ಎಚ್1ಬಿ ಸಾಮಾನ್ಯವಾಗಿ ಆರು ವರ್ಷ. ಗ್ರೀನ್ ಕಾರ್ಡ್ ದಾರಿ ಹಿಡಿಯದೆ ಬೆಂಗಳೂರಿಗೆ ವಾಪಸ್ ಹೋದರೆ ಅಲ್ಲಿ ಟಿಸಿ ಕೇಳುತ್ತಾರೆ, ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ಮನೆಯಲ್ಲಿ ಓದಿಸಿದ್ದಕ್ಕೆ ನೀವೇ ಬರೆದ ಚೀಟಿ ಬಿಟ್ಟರೆ ಏನೂ ಇರುವುದಿಲ್ಲ. ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆಯ ಒಂದು ದಾರಿ ಇದೆ, ಆದರೆ ಅದನ್ನು ಬೇಕು ಅಂತ ಹಿಡಿಯುವುದು ಬೇರೆ, ಬೇರೆ ದಾರಿ ಇಲ್ಲದೆ ಹಿಡಿಯುವುದು ಬೇರೆ.

ಸರ್ಕಾರದ ದುಡ್ಡಿನಲ್ಲಿ ಬೇರೆ ಸಂಸ್ಥೆಗಳು ನಡೆಸುವ ಚಾರ್ಟರ್ ಶಾಲೆಗಳೂ ಇವೆ. ಫೀಸಿಲ್ಲ, ಆದರೆ ಜಾಸ್ತಿ ಅರ್ಜಿ ಬಂದರೆ ಚೀಟಿ ಎತ್ತುತ್ತಾರೆ. ಜುಲೈಗೆ ಬರುವವರಿಗೆ ತಡವಾಯಿತು.

ಬರುವ ಮುಂಚೆ ಲಸಿಕೆ ಮುಗಿಸಿ. ಹೆಪಟೈಟಿಸ್ ಎ, ಚಿಕನ್ ಪಾಕ್ಸ್, ಎರಡೂ ಎರಡೆರಡು ಡೋಸ್ ಇಲ್ಲಿ ಕೇಳುತ್ತಾರೆ. ಅಲ್ಲೇ ಹಾಕಿಸಿ ಡಾಕ್ಟರ್ ಸಹಿ, ಸೀಲು ಮಾಡಿಸಿಕೊಳ್ಳಿ. ಜನನ ಪತ್ರ, ಹಿಂದಿನ ವರ್ಷದ ಮಾರ್ಕ್ಸ್ ಕಾರ್ಡ್ ಕೈಚೀಲದಲ್ಲೇ ಇರಲಿ.

ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಅಂತ ಒಂದು ಫಾರ್ಮ್ ಕೊಡುತ್ತಾರೆ. ನಾನು ಹೆಮ್ಮೆಯಿಂದ ಕನ್ನಡ ಅಂತ ಬರೆದೆ. ಮಗಳನ್ನು ಇಂಗ್ಲಿಷ್ ಪರೀಕ್ಷೆಗೆ ಕೂರಿಸಿದರು, ಇವಳು ನಾಚಿಕೊಂಡು ಬಾಯೇ ಬಿಡಲಿಲ್ಲ, ಒಂದು ವರ್ಷ ಇಎಸ್ಎಲ್ ಕ್ಲಾಸಿಗೆ, ಅಂದರೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕ್ಲಾಸಿಗೆ, ಹಾಕಿದರು. ಅವತ್ತು ಅವಮಾನ ಅಂತ ಅತ್ತಿದ್ದೆ. ಅಲ್ಲಿದ್ದದ್ದು ಆರೇ ಮಕ್ಕಳು, ಟೀಚರ್ ಬಂಗಾರದಂಥವರು, ಮಗಳು ಬಾಯಿ ಬಿಡಲು ಕಲಿತದ್ದೇ ಅವರ ಹತ್ತಿರ. ಇಂಗ್ಲಿಷ್ ಅಂತ ಬರೆದುಬಿಡಿ ಅಂತ ನಿಮಗೆ ಹತ್ತು ಜನ ಹೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಶಾಲೆ ಆಗಸ್ಟ್ ಮಧ್ಯದಲ್ಲೇ ಶುರು, ಟೈಮ್ ಜಾಸ್ತಿ ಇಲ್ಲ. ನೋಡಿರುವ ಅಪಾರ್ಟ್‌ಮೆಂಟುಗಳ ಅಡ್ರೆಸ್ ಕಳಿಸಿ, ಸಹಿ ಹಾಕುವ ಮುಂಚೆ. ಯಾವ ಶಾಲೆಗೆ ಬರುತ್ತದೆ ಅಂತ ನೋಡಿ ಹೇಳುತ್ತೇನೆ.