ಹಡಗಿನ ಬ್ರೇಕರ್ ತೋಟದ ಸೋಲಾರ್ ಪಂಪಿಗೂ ಬೇಕಾ?

ಪ್ರಶ್ನೆ: ಮಗ ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್. ಅವನ ಹೊಸ ಹಡಗಿನಲ್ಲಿ ಎಲ್ಲ ಡಿಸಿ ಕರೆಂಟಂತೆ, ಶಾರ್ಟ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುವ ಸಾಲಿಡ್-ಸ್ಟೇಟ್ ಬ್ರೇಕರ್ ಇದೆಯಂತೆ. ನಮ್ಮ ಕಾಫಿ ತೋಟದ ಸೋಲಾರ್ ಪಂಪಿಗೆ ಬರುವುದೂ ಡಿಸಿಯೇ ಅಲ್ವಾ? ಪ್ಯಾನೆಲ್ ಲೈನಿಗೆ ಮನೆಯಲ್ಲಿ ಉಳಿದಿದ್ದ ಎಂಸಿಬಿ ಹಾಕಿಸಿದ್ದೇನೆ. ಸಾಕಾ?
– ಓದುಗರು, ಮೂಡಿಗೆರೆ

ಉತ್ತರ: ಸಾಲದು. ಮನೆಯ ಎಂಸಿಬಿ ಎಸಿ ಕರೆಂಟಿಗೆಂದು ಮಾಡಿದ್ದು, ಮೊದಲು ಅದನ್ನು ಬದಲಾಯಿಸಿ. ಆದರೆ ಪಂಪ್ ಓಡುತ್ತಿರುವಾಗ ಅದಕ್ಕೆ ಕೈ ಹಾಕಬೇಡಿ. ಕಂಟ್ರೋಲರ್‌ನಲ್ಲಿ ಪಂಪ್ ನಿಲ್ಲಿಸಿ, ಕತ್ತಲಾದ ಮೇಲೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಬ್ರೇಕರ್ ತೆರೆದಾಗ ಹುಟ್ಟುವ ಕಿಡಿ ಆ ಹೊತ್ತಿಗೆ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಉರಿಯುತ್ತಲೇ ಇದ್ದು ಎಂಸಿಬಿಯೇ ಕರಗಬಹುದು.

ಹಡಗಿನಲ್ಲಿ ಈ ಕಿಡಿಯ ಜೊತೆ ಇನ್ನೊಂದು ದೊಡ್ಡ ತೊಂದರೆ ಇದೆ. ಅಲ್ಲಿ ಬ್ಯಾಟರಿ, ಕರೆಂಟಿನ ರೂಪ ಬದಲಿಸುವ ಕನ್ವರ್ಟರ್‌ಗಳ ಕೆಪಾಸಿಟರ್ (ಚಾರ್ಜ್ ಕೂಡಿಡುವ ಭಾಗ) ಎಲ್ಲ ಒಂದೇ ಡಿಸಿ ಲೈನಿಗೆ ಸೇರಿರುತ್ತವೆ. ಎಲ್ಲೋ ಶಾರ್ಟ್ ಆಯಿತು ಅನ್ನಿ, ಅಷ್ಟೂ ಚಾರ್ಜ್ ಒಮ್ಮೆಲೇ ಅಲ್ಲಿಗೆ ನುಗ್ಗುತ್ತದೆ. ಲೈನ್ 1000 ವೋಲ್ಟ್, ದಾರಿಯ ಇಂಡಕ್ಟನ್ಸ್ (ಕರೆಂಟ್ ಥಟ್ಟನೆ ಏರದಂತೆ ತಡೆಯುವ ಗುಣ) 10 ಮೈಕ್ರೋಹೆನ್ರಿ ಇದ್ದರೆ ಕರೆಂಟ್ ಪ್ರತಿ ಮೈಕ್ರೋಸೆಕೆಂಡಿಗೆ 100 ಆಂಪಿಯರ್ ಏರುತ್ತದೆ. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸಾಮಾನ್ಯ ಬ್ರೇಕರ್ ತೆರೆಯುವುದಕ್ಕೆ ಮಿಲಿಸೆಕೆಂಡುಗಳೇ ಬೇಕು. ಅಷ್ಟರಲ್ಲಿ ಕನ್ವರ್ಟರ್ ಕೆಟ್ಟು, ಇಡೀ ಹಡಗು ಕತ್ತಲಾಗಬಹುದು. ಬಂದರಿನ ಬಾಯಲ್ಲಿ ಹೀಗಾದರೆ ಹಡಗನ್ನು ತಿರುಗಿಸುವುದಕ್ಕೂ ಆಗುವುದಿಲ್ಲ.

ಸಾಲಿಡ್-ಸ್ಟೇಟ್ ಬ್ರೇಕರ್‌ನಲ್ಲಿ ಕರೆಂಟ್ ಹೋಗುವುದು ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನಂಥ ಸೆಮಿಕಂಡಕ್ಟರ್ ಮೂಲಕ. ಅದನ್ನು ಆನ್ ಇಡುವ ಗೇಟ್ ಸಿಗ್ನಲ್ ತೆಗೆದರೆ ಮೈಕ್ರೋಸೆಕೆಂಡುಗಳಲ್ಲಿ ಬಂದ್. ಕೇಬಲ್‌ನಲ್ಲಿ ಉಳಿದ ಶಕ್ತಿಯನ್ನು ಪಕ್ಕದ ವೇರಿಸ್ಟರ್ (ವೋಲ್ಟೇಜ್ ಮಿತಿ ಮೀರಿದಾಗ ಕರೆಂಟ್ ಬಿಡುವ ಭಾಗ) ನುಂಗುತ್ತದೆ. ಕೆಟ್ಟ ಭಾಗ ಮಾತ್ರ ಬೇರೆಯಾಗಿ, ಉಳಿದದ್ದು ನಡೆಯುತ್ತಿರುತ್ತದೆ.

ಇದೂ ಪುಕ್ಕಟೆ ಅಲ್ಲ. 1000 ಆಂಪಿಯರ್ ಹರಿಯುವಾಗ 2 ವೋಲ್ಟ್ ಬಿದ್ದರೂ 2000 ವಾಟ್ ಶಾಖ, ಹಗಲೂ ರಾತ್ರಿ ಗೀಸರ್ ಉರಿಸಿದ ಹಾಗೆ! ಅದನ್ನು ತಂಪು ಮಾಡಲು ಹಡಗಿನಲ್ಲಿ ಹೆಚ್ಚಾಗಿ ನೀರು ಹರಿಸುತ್ತಾರೆ. ಆಫ್ ಇದ್ದಾಗಲೂ ಚೂರು ಕರೆಂಟ್ ಸೋರುತ್ತದೆ. ಹಾಗಾಗಿ ರಿಪೇರಿಗೆ ಕೈ ಹಾಕುವ ಮುಂಚೆ ಅದೇ ಲೈನಿನಲ್ಲಿರುವ ಐಸೊಲೇಟರನ್ನೂ (ಲೈನನ್ನು ಪೂರ್ತಿ ಬೇರ್ಪಡಿಸುವ ಸ್ವಿಚ್) ತೆರೆಯಬೇಕು.

ನಿಮ್ಮ ಪಂಪಿಗೆ ಇಷ್ಟೆಲ್ಲ ಬೇಡ. ಪ್ಯಾನೆಲ್ ಲೈನ್ ಶಾರ್ಟ್ ಆದರೂ ಕರೆಂಟ್ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೇ. ನಿಮ್ಮದು ಬರೀ ಕಿಡಿಯ ಸಮಸ್ಯೆ. ಡಿಸಿ ಎಂದೇ ಬರೆದಿರುವ ಎಂಸಿಬಿ ಹಾಕಿಸಿ. ಅದರ ಮೇಲೆ ಪ್ಲಸ್, ಮೈನಸ್ ಗುರುತಿದ್ದರೆ ವೈರ್ ಅದರಂತೆಯೇ ಇರಲಿ, ಅದಲುಬದಲಾದರೆ ಕಿಡಿ ಆರುವುದಿಲ್ಲ. ವೋಲ್ಟೇಜ್ ಲೆಕ್ಕ ಹಾಕುವಾಗ ನಿಮ್ಮ ಕಡೆಯ ಡಿಸೆಂಬರ್ ಬೆಳಗಿನ ಚಳಿಯನ್ನೂ ಸೇರಿಸಿ. ತಣ್ಣಗಿರುವ ಪ್ಯಾನೆಲ್‌ಗೆ ಬಿಸಿಲು ಬಿದ್ದಾಗಲೇ ವೋಲ್ಟೇಜ್ ಎಲ್ಲಕ್ಕಿಂತ ಜಾಸ್ತಿ ಬರುವುದು.