ಕೆಂಪು ರಾಟವಾಳ ಬೇಸಿಗೆಯಲ್ಲಿ ಎಲ್ಲಿರುತ್ತದೆ?

ಮಾನ್ಯರೇ,

ಪಾಂಡವಪುರ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಮಳೆಗಾಲದಲ್ಲಿ ನಾಲೆಯ ಬದಿಯ ಜೊಂಡಿನಲ್ಲಿ ಕಂಡ, ಮೈಮೇಲೆ ಬಿಳಿ ಚುಕ್ಕೆಗಳಿದ್ದ ಕೆಂಪು ಹಕ್ಕಿಗಳು ಬೇಸಿಗೆಯಲ್ಲಿ ಎಲ್ಲಿಗೆ ಹೋದವು ಎಂದು ಕೇಳಿದ್ದೀರಿ. ಮೈಸೂರಿನ ಅಂಗಡಿಯೊಂದರಲ್ಲಿ ‘ಫಿಂಚ್’ ಎಂದು ಮಾರುವ ಹಕ್ಕಿಗಳೂ ಇವೇ ಏನು, ಒಂದು ಜೋಡಿ ತಂದು ತೋಟದಲ್ಲಿ ಬಿಡಬಹುದೇ ಎಂದೂ ಕೇಳಿದ್ದೀರಿ.

ತಾವು ಕಂಡದ್ದು ಕೆಂಪು ರಾಟವಾಳದ ಗಂಡು. ಅದು ಊರು ಬಿಟ್ಟು ಹೋಗಿರುವುದಕ್ಕಿಂತ ಬಣ್ಣ ಕಳಚಿಕೊಂಡು ಅಲ್ಲೇ ಇರುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಮರಿ ಮಾಡುವ ಕಾಲಕ್ಕೆ ಕಡುಗೆಂಪಾಗುವ ಗಂಡು, ಆ ಕಾಲ ಕಳೆದ ಮೇಲೆ ಹೆಣ್ಣಿನಂತೆಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಬಾಲದ ಬುಡದ ಕೆಂಪು ಮಾತ್ರ ಉಳಿದಿರುತ್ತದೆ. ಕೊಕ್ಕೂ ವರ್ಷಕ್ಕೊಮ್ಮೆ ಬಣ್ಣ ಬದಲಿಸುತ್ತದೆ: ಏಪ್ರಿಲ್‌ನಲ್ಲಿ ಬೇಗನೆ ಕಪ್ಪಾಗಿ, ಮೇ ತಿಂಗಳಿಂದ ಮತ್ತೆ ಕೆಂಪೇರತೊಡಗುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಕಂದು ಹಕ್ಕಿಗಳ ಹಿಂಡೊಂದು ಹುಲ್ಲಿನಿಂದ ಮೇಲೆದ್ದರೆ, ಅವು ಹಾರುವಾಗ ಬಾಲದ ಬುಡವನ್ನು ಗಮನಿಸಿ.

ರಾಟವಾಳಗಳೂ ಪಂಜರದ ಫಿಂಚ್‌ಗಳೂ ಒಂದೇ ಕುಟುಂಬಕ್ಕೆ ಸೇರಿದವು. ಆಫ್ರಿಕಾ, ಏಷ್ಯಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಹರಡಿರುವ ಈ ಕುಟುಂಬದಲ್ಲಿ ಸುಮಾರು 140 ಪ್ರಭೇದಗಳಿವೆ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ್ದು. ಗೂಲ್ಡಿಯನ್ ಫಿಂಚ್ ಕೂಡ ಅಲ್ಲಿಯದೇ. ಅದರ ಒಂದೇ ಪ್ರಭೇದದಲ್ಲಿ ಕೆಂಪು ತಲೆಯವು, ಕಪ್ಪು ತಲೆಯವು, ಅಪರೂಪಕ್ಕೆ ಹಳದಿ ತಲೆಯವೂ ಇರುತ್ತವೆ. ನಮ್ಮ ಗದ್ದೆ ಬಯಲಿನಲ್ಲಿ ಕೆಂಪು ರಾಟವಾಳದ ಜೊತೆಗೆ ಚುಕ್ಕೆ ರಾಟವಾಳ ಹಾಗೂ ಕಪ್ಪುತಲೆಯ ರಾಟವಾಳಗಳನ್ನೂ, ಒಣ ಕುರುಚಲಿನಲ್ಲಿ ಬೂದುಗೊಕ್ಕಿನ ಬಿಳಿಗಂಟಲಿನ ಜಾತಿಯನ್ನೂ ಕಾಣಬಹುದು. ಈ ಕೊನೆಯದು ಗೀಜಗ ಬಿಟ್ಟುಹೋದ ಗೂಡಿನಲ್ಲಿಯೂ ಮೊಟ್ಟೆಯಿಡುತ್ತದೆ.

ಬಣ್ಣಕ್ಕಿಂತಲೂ ಇವುಗಳ ಕೂಡುಬಾಳು ನನಗೆ ಹೆಚ್ಚು ಬೆರಗು ತಂದಿದೆ. ನೆಲದಲ್ಲಿ ಮೇಯುತ್ತಿರುವ ಚುಕ್ಕೆ ರಾಟವಾಳಗಳ ಹಿಂಡನ್ನು ತುಸು ಹೊತ್ತು ನೋಡಿ. ಕೆಲವು ತಲೆ ತಗ್ಗಿಸಿ ಕುಪ್ಪಳಿಸುತ್ತ ತಾವೇ ಕಾಳು ಹುಡುಕುತ್ತವೆ. ಕೆಲವು ತಲೆ ಎತ್ತಿಕೊಂಡೇ ಕುಪ್ಪಳಿಸುತ್ತ, ಯಾರಿಗೆ ಕಾಳು ಸಿಕ್ಕಿತೆಂದು ನೋಡಿ ಅಲ್ಲಿಗೆ ಸೇರಿಕೊಳ್ಳುತ್ತವೆ. ವಿಜ್ಞಾನಿಗಳು ಈ ಎರಡು ನಡಿಗೆಗಳನ್ನು ಪ್ರಯೋಗಗಳಲ್ಲಿ ಬೇರ್ಪಡಿಸಿ ತೋರಿಸಿದ್ದಾರೆ. ಗಂಡಿನ ಹಾಡು ಎಷ್ಟು ಮೆಲುವೆಂದರೆ, ಅದು ಹಾಡುವಾಗ ಪಕ್ಕದ ಹಕ್ಕಿ ಕತ್ತು ಚಾಚಿ ತನ್ನ ತಲೆಯನ್ನು ಅದರ ಕೊಕ್ಕಿನ ಬಳಿಗೇ ತಂದು ಕೇಳುತ್ತದೆ. ಮರಿಗಳ ಪಾಲನೆಯಲ್ಲಿ ಗಂಡು ಹೆಣ್ಣುಗಳೆರಡೂ ದುಡಿಯುತ್ತವೆ. ಹೀಗೆ ಒಂದಕ್ಕೊಂದು ಅಂಟಿಕೊಂಡು ಬದುಕುವ ಹಕ್ಕಿಗಳಲ್ಲಿ ಎರಡನ್ನು ಮಾತ್ರ ಬೇರ್ಪಡಿಸಿ ತರುವುದು ನನಗೆ ಸರಿಯೆನಿಸುವುದಿಲ್ಲ.

ಅಂಗಡಿಯ ಮಾತಿಗೆ ಬಂದರೆ, ರಾಟವಾಳಗಳನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗದ್ದೆಗಳಲ್ಲಿ ಬಲೆ ಹಾಕಿ ಹಿಡಿದವುಗಳಿಗೆ ಬಣ್ಣ ಬಳಿದು ಬೇರೆ ಹಕ್ಕಿಗಳೆಂದು ಮಾರುವ ಕ್ರೂರ ಪದ್ಧತಿಯೂ ನಮ್ಮ ದೇಶದಲ್ಲಿದೆ. ಅಂಥದ್ದು ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಇನ್ನು ಜೀಬ್ರಾ ಫಿಂಚ್‌ಗಳು ತಲೆತಲಾಂತರದಿಂದ ಪಂಜರದಲ್ಲೇ ಬೆಳೆದು ಬಂದವು. ಅವನ್ನು ತೋಟದಲ್ಲಿ ಬಿಡುವುದೆಂದರೆ ಹಸಿವಿಗೋ ಬೆಕ್ಕಿಗೋ ಒಪ್ಪಿಸಿದಂತೆ. ದಯವಿಟ್ಟು ಹಾಗೆ ಮಾಡಬೇಡಿ.

ತೋಟಕ್ಕೆ ಹಕ್ಕಿ ಬರಬೇಕೆಂದರೆ ಬದುವಿನ ಒಂದು ಪಟ್ಟಿಯಲ್ಲಾದರೂ ಹುಲ್ಲನ್ನು ತೆನೆ ಬಲಿಯುವವರೆಗೆ ಕೊಯ್ಯದೆ ಬಿಡಿ. ಭತ್ತದ ತೆನೆಗೂ ಇವು ಬಾಯಿ ಹಾಕುತ್ತವೆ ಎಂಬ ರೈತರ ದೂರು ಸುಳ್ಳಲ್ಲ. ಆದರೆ ಇವುಗಳ ಮುಖ್ಯ ಆಹಾರ ಹುಲ್ಲಿನ ಬೀಜವೇ. ನಾಲೆಯ ಬದಿಯ ಜೊಂಡನ್ನು ಸುಡುವ ರೂಢಿ ತಮ್ಮಲ್ಲಿದ್ದರೆ, ಗೂಡುಗಳಲ್ಲಿ ಮರಿಗಳಿರುವ ಮಳೆಗಾಲದಲ್ಲೂ ಅದರ ಮುಂದಿನ ಕೆಲವು ತಿಂಗಳಲ್ಲೂ ಅದಕ್ಕೆ ಕೈಹಾಕದಂತೆ ಅಕ್ಕಪಕ್ಕದ ಜಮೀನಿನವರಿಗೂ ಹೇಳಿ.

— ಸಂಪಾದಕ