ಕೆಂಪು ದೈತ್ಯ ನಕ್ಷತ್ರಗಳ ಪಟ್ಟಿ ಮಾಡುವಾಗ ಏನೇನು ಬರೆದಿಡಬೇಕು? ಗಾತ್ರದ ಅಂಕಿಗಳನ್ನು ಎಷ್ಟು ನಂಬಬಹುದು?

ನಿಮ್ಮ ಹತ್ತಿರ ಬೈನಾಕ್ಯುಲರ್ ಇದೆ, ಮೀರಾ, ಆರ್ದ್ರಾ (ಬೀಟಲ್‌ಜ್ಯೂಸ್) ಮುಂತಾದ ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡಿ ದಾಖಲಿಸಬೇಕು ಅಂದಿದ್ದೀರಿ. ಅಳೆದದ್ದಕ್ಕೆ ಒಂದು ಪುಟ, ಲೆಕ್ಕದಿಂದ ಬಂದದ್ದಕ್ಕೆ ಇನ್ನೊಂದು ಪುಟ ಇಡಿ. ಬೆರೆಸಿದರೆ, ದೂರದ ಹೊಸ ಅಂಕಿ ಬಂದ ದಿನ ಇಡೀ ಪಟ್ಟಿ ಕೆಡುತ್ತದೆ.

ಮೊದಲ ಪುಟದಲ್ಲಿ ಜೂಲಿಯನ್ ದಿನಾಂಕ (ತಿಂಗಳು-ವರ್ಷವಿಲ್ಲದೆ ದಿನಗಳನ್ನು ಸತತವಾಗಿ ಎಣಿಸುವ ಸಂಖ್ಯೆ), ಕಾಂತಿಮಾನ (ಎಷ್ಟು ಪ್ರಕಾಶಮಾನ ಎಂಬುದರ ಅಂಕಿ; ಅಂಕಿ ಕಡಿಮೆಯಾದಷ್ಟೂ ಬೆಳಕು ಹೆಚ್ಚು), ಬಳಸಿದ ಹೋಲಿಕೆ ನಕ್ಷತ್ರಗಳು (ಕಾಂತಿಮಾನ ಮೊದಲೇ ಗೊತ್ತಿರುವವು), ಉಪಕರಣ, ಬೆಳದಿಂಗಳು ಅಥವಾ ಮೋಡ ಇತ್ತೇ ಎಂಬುದು. ಸ್ವಲ್ಪ ಪ್ರಕಾಶಮಾನವಾದ ಒಂದು, ಸ್ವಲ್ಪ ಮಂದವಾದ ಒಂದು ಹೋಲಿಕೆ ನಕ್ಷತ್ರ ಆರಿಸಿ, ಅವುಗಳ ನಡುವೆ ನಿಮ್ಮ ನಕ್ಷತ್ರ ಎಲ್ಲಿ ನಿಲ್ಲುತ್ತದೆಂದು 0.1 ಕಾಂತಿಮಾನದವರೆಗೆ ಅಂದಾಜಿಸಿ. ಮೂರೂ ದಿಗಂತದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ. ಕೆಳಗಿರುವುದನ್ನು ಗಾಳಿ ಮಬ್ಬಾಗಿಸುತ್ತದೆ. ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಬೆಳಗುತ್ತಾ ಹೋದಂತೆ ಕಾಣುತ್ತದೆ. ಹಾಗಾಗಿ ಫೋಕಸ್ ಕೊಂಚ ತಪ್ಪಿಸಿ, ಕ್ಷಣಮಾತ್ರ ನೋಡಿ ಕಣ್ಣು ಸರಿಸಿ.

ಮೀರಾದ ಆವರ್ತ, ಅಂದರೆ ಒಂದು ಗರಿಷ್ಠ ಬೆಳಕಿನಿಂದ ಮುಂದಿನದಕ್ಕೆ, ಸುಮಾರು 332 ದಿನ. ವಾರಕ್ಕೊಂದು ಅಂದಾಜು ಸಾಕು. ಗರಿಷ್ಠ ಪ್ರತಿವರ್ಷ ಒಂದು ತಿಂಗಳಷ್ಟು ಮುಂಚೆ ಬರುವುದರಿಂದ ಕೆಲವು ವರ್ಷ ಅದು ಸೂರ್ಯನ ಬೆಳಕಿನಲ್ಲೇ ಮರೆಯಾಗುತ್ತದೆ. ಅಲ್ಲಿ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಎರಡನೇ ಪುಟಕ್ಕೆ ಸೂತ್ರ ಸರಳ: ಮಿಲಿಆರ್ಕ್‌ಸೆಕೆಂಡ್‌ನಲ್ಲಿ ಕೋನವ್ಯಾಸ × ಪಾರ್ಸೆಕ್‌ನಲ್ಲಿ ದೂರ × 0.1075 = ಸೂರ್ಯನ ಎಷ್ಟು ಪಟ್ಟು ತ್ರಿಜ್ಯ. ಕೋನವ್ಯಾಸ ಎಂದರೆ ನಕ್ಷತ್ರದ ಬಿಲ್ಲೆ ಆಕಾಶದಲ್ಲಿ ಕಾಣುವ ಅಗಲ, ಮಿಲಿಆರ್ಕ್‌ಸೆಕೆಂಡ್ ಡಿಗ್ರಿಯ 36 ಲಕ್ಷದಲ್ಲಿ ಒಂದು ಭಾಗ, ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ. ಸ್ವಾತಿ (ಆರ್ಕ್ಟರಸ್) ನಕ್ಷತ್ರಕ್ಕೆ ಕೋನವ್ಯಾಸ 21, ದೂರ 11.26 ಹಾಕಿದರೆ ಸುಮಾರು 25 ಬರುತ್ತದೆ. ಅದರ ದೂರ ಗಟ್ಟಿ, ಆದ್ದರಿಂದ ಉತ್ತರವೂ ಗಟ್ಟಿ.

ಆರ್ದ್ರಾ ಹಾಗಲ್ಲ. ಅದರ ಬಿಲ್ಲೆಯೇ 42ರ ಆಸುಪಾಸು, ದೂರ ಅಳೆಯಲು ಬಳಸುವ ಪ್ಯಾರಲ್ಯಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ) ಮಾತ್ರ ಸುಮಾರು 5–6 ಮಿಲಿಆರ್ಕ್‌ಸೆಕೆಂಡ್. ಮೇಲ್ಮೈಯಲ್ಲಿ ಕುದಿಯುವ ದೊಡ್ಡ ದೊಡ್ಡ ಅನಿಲರಾಶಿಗಳು ಬೆಳಕಿನ ಕೇಂದ್ರವನ್ನೇ ಅತ್ತಿತ್ತ ಜಗ್ಗುವುದರಿಂದ ಅಳತೆ ಅಲುಗಾಡುತ್ತದೆ. ದೂರ 150 ಪಾರ್ಸೆಕ್ ಎಂದರೆ ತ್ರಿಜ್ಯ ಸುಮಾರು 680, 200 ಎಂದರೆ 900. ಹೊಮ್ಮುವ ಒಟ್ಟು ಬೆಳಕು ದೂರದ ವರ್ಗಕ್ಕೆ ಅನುಗುಣ, ಅಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. 'ಆರ್ದ್ರಾ ಸೂರ್ಯನ ಇಷ್ಟು ಪಟ್ಟು' ಎಂದು ಒಂದೇ ಅಂಕಿ ಕೊಡುವ ಪಟ್ಟಿಯನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ಕೋನವ್ಯಾಸದ ಪಕ್ಕ ತರಂಗಾಂತರವನ್ನೂ ಬರೆಯಿರಿ. ನಕ್ಷತ್ರದ ಹೊರಪದರದ ಟೈಟಾನಿಯಂ ಆಕ್ಸೈಡ್ ಅನಿಲ ಬೆಳಕು ಹೀರುವ ತರಂಗಾಂತರಗಳಲ್ಲಿ ಇಂಥ ತಣ್ಣನೆಯ ನಕ್ಷತ್ರಗಳು ದೊಡ್ಡದಾಗಿ ಕಾಣುತ್ತವೆ. ರೋಹಿತ ವರ್ಗಕ್ಕೂ (ಬೆಳಕಿನ ರೋಹಿತ ನೋಡಿ ತಾಪಕ್ಕೆ ತಕ್ಕಂತೆ ಕೊಡುವ ಗುರುತು; ಎಂ ಎಂದರೆ ತಣ್ಣನೆಯ ಕೆಂಪು, ಅಂಕಿ ಹೆಚ್ಚಿದಷ್ಟೂ ಇನ್ನೂ ತಣ್ಣಗೆ) ತಾರೀಖು ಬೇಕು: ಮೀರಾ ಗರಿಷ್ಠದಲ್ಲಿ ಎಂ5ರ ಹತ್ತಿರ, ಕನಿಷ್ಠದಲ್ಲಿ ಎಂ9ರವರೆಗೂ ಇಳಿಯುತ್ತದೆ.